ಮೈವೋರ್ ಟೊರೆಲ್‌ಗೆ ಕೇಳಿಸಿದ್ದು

"ಯಾರು ಹೋದದ್ದು?"

ಹಿಲ್ದುರಜ್ಜಿ ಇದನ್ನು ಯಾರನ್ನೂ ಕೇಳಿದ್ದಲ್ಲ. ಸಮಾಧಿಗಳ ನಡುವಿನ ಜಲ್ಲಿದಾರಿಯಲ್ಲಿ ತನ್ನ ಗಾಲಿಯ ಊರುಗೋಲು ನಿಲ್ಲಿಸಿ, ಎರಡೂ ಕೈಯ ಬೆರಳು ಹೆಣೆದುಕೊಂಡು, ಕೊಲ್ಲಿಯ ಕಡೆ ಮುಖ ಮಾಡಿ ಕೇಳಿದಳು. ನಮ್ಮ ಸ್ಟಾರ್‌ವಿಕ್‌ನಲ್ಲಿ ಸಾವಿನ ಗಂಟೆ ಕಿವಿಗೆ ಬಿದ್ದವರು ಎಲ್ಲಿದ್ದರೂ ಒಮ್ಮೆ ಹೀಗೆ ಗಟ್ಟಿಯಾಗಿ ಕೇಳಬೇಕು. ಉತ್ತರ ಬರಲಿ ಎಂದಲ್ಲ. ಹೋದ ಜೀವಕ್ಕೆ, ತನ್ನನ್ನು ಒಬ್ಬರಾದರೂ ವಿಚಾರಿಸಿದರಲ್ಲ ಎಂಬ ಸಮಾಧಾನ ಇರಲಿ ಎಂದು.

ನಾನು ಮೇಲೆ, ಮರದ ಗಂಟೆಗೋಪುರದಲ್ಲಿ, ಹಗ್ಗ ಹಿಡಿದು ನಿಂತಿದ್ದೆ. ಎರಡು ಬಡಿತಗಳ ನಡುವಿನ ಮೌನದಲ್ಲಿ ಅವಳ ಮಾತು ಹಲಗೆಗಳ ಸಂದಿಯಿಂದ ತೂರಿ ಬಂತು. ಹೇಳಲು ನನ್ನ ಬಳಿ ಹೆಸರಿರಲಿಲ್ಲ. ಆ ದಿನ ಊರಿನಲ್ಲಿ ಯಾರೂ ಸತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಮೈವೋರ್ ಟೊರೆಲ್ ಮೈಕು ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಅವಳು ನಮ್ಮೂರ ಸಾಮಿಲ್ಲಿನ ಮೇಸ್ತ್ರಿಯ ಮಗಳು, ಶಾಲೆಯಲ್ಲಿ ನನ್ನ ಬೆಂಚಿನವಳು. ಈಗ ಸ್ಟಾಕ್‌ಹೋಮಿನಿಂದ ಟೋಕಿಯೋವರೆಗೆ ದೊಡ್ಡ ದೊಡ್ಡ ವಾದ್ಯಮೇಳಗಳು ಅವಳು ರಚಿಸಿದ ಸಂಗೀತ ನುಡಿಸುತ್ತವೆ. ಆ ಶರತ್ಕಾಲ ನಮ್ಮ ಚರ್ಚು ಅವಳನ್ನು ಒಂದು ಕೃತಿ ಬರೆದುಕೊಡು ಎಂದು ಕೇಳಿತ್ತು. ನವೆಂಬರಿನಲ್ಲಿ, ಸಕಲ ಸಂತರ ಹಬ್ಬದ ದಿನ, ಆ ವರ್ಷ ತೀರಿಹೋದವರ ಹೆಸರು ಓದಿದ ಮೇಲೆ ಹಾಡಲು. ಅದಕ್ಕಾಗಿ ಅವಳಿಗೆ ಸಾವಿನ ಗಂಟೆ ಬೇಕಿತ್ತು.

ಗಂಡಸು ಹೋದರೆ ನಾವು ದೊಡ್ಡ ಗಂಟೆಯಿಂದ ಶುರುಮಾಡುತ್ತೇವೆ. ಹೆಂಗಸು ಹೋದರೆ ಸಣ್ಣದರಿಂದ. ಬರೀ ದನಿ ಹಿಡಿಯುವುದಕ್ಕೆ ಬಾರಿಸುತ್ತೇನೆ, ಗಾಬರಿಯಾಗಬೇಡಿ ಎಂದು ನಾನು ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಚೀಟಿಯಲ್ಲಿ ಗುರುವಾರ ಎಂದಿತ್ತು. ಆದರೆ ಬುಧವಾರವೇ ಗಾಳಿ ನಿಂತಿತು. ಮೈವೋರ್ ಚರ್ಚಿನಲ್ಲಿ ನಾನು ನುಡಿಸುವ ಆರ್ಗನ್ನಿನ ಹತ್ತಿರ ಬಂದು ನನ್ನ ತೋಳು ಹಿಡಿದಳು.

"ಇವತ್ತೇ. ನಾಳೆ ಗಾಳಿ ಬರುತ್ತೆ. ಹೆಂಗಸಿನದ್ದು ಬಾರಿಸು."

"ಚೀಟಿಯಲ್ಲಿ ನಾಳೆ ಅಂತಿದೆ ಕಣೇ. ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ. ಒಂದು ಗಳಿಗೆ ಅಷ್ಟೆ."

"ಹೆಂಗಸಿನದ್ದೇ ಯಾಕೆ?"

ಅಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಆಗಿತ್ತು.

ಗಂಟೆ ನಿಂತ ಮೇಲೆ ನಾನು ಓಡೋಡಿ ಕೆಳಗಿಳಿದು ಹಿಲ್ದುರಜ್ಜಿಗೆ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೇಲಿನಿಂದ ಮೈವೋರ್ ಇಳಿದು ಬಂದು, "ಅಜ್ಜಿ, ನಿನ್ನ ಪ್ರಶ್ನೆನೂ ಸಿಕ್ಕಿತು, ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ," ಎಂದು ಸಂತೋಷಪಟ್ಟಳು.

*

ಮಾರನೆಯ ಸಂಜೆ ನಮ್ಮ ಹಾಡಿನ ಅಭ್ಯಾಸ. ಚರ್ಚಿನ ಪಕ್ಕದ ಸಭೆಯ ಮನೆಯಲ್ಲಿ ಎಲ್ಲರೂ ಸೇರುವುದು, ಹಾಡುವುದು, ನಡುವೆ ಕಾಫಿ ಕುಡಿಯುವುದು. ಹಾಡಿಸುವವನು ನಾನು. ಕಾಫಿ ಹಿಲ್ದುರಜ್ಜಿಯದು. ಅವತ್ತು ಹಾಡಿಗಿಂತ ಮಾತು ಜಾಸ್ತಿ ಇತ್ತು.

"ಎಸ್ಕಿಲ್, ನಿನ್ನೆ ನೀನು ಸಣ್ಣ ಗಂಟೆಯಿಂದ ಶುರುಮಾಡಿದ್ದಕ್ಕೆ ದೇವರು ನಿನ್ನನ್ನ ಚೆನ್ನಾಗಿಡಲಿ," ಎಂದ ಟೂರೆ. ಅವನು ಹಳೆಯ ಮೀನುಗಾರ, ನಮ್ಮ ತಂಡದ ಮಂದ್ರ ದನಿ. "ದೊಡ್ಡದು ಬಾರಿಸಿದ್ದಿದ್ರೆ ನಾನು ಬೂಟು ಬಿಚ್ಚಿ ಮಲಗಿಬಿಡ್ತಿದ್ದೆ. ಇನ್ನೇನು ಪೆಟ್ಟಿಗೆ ತರ್ತಾರೆ, ಅವರಿಗ್ಯಾಕೆ ತೊಂದರೆ ಅಂತ."

ಎಲ್ಲರೂ ನಕ್ಕರು. ಹಿಲ್ದುರಜ್ಜಿ ಮಾತ್ರ ಬನ್ನಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಗ್ರಪ್ಪಾ, ನಗ್ರಿ. ಗಂಟೆ ಕರೆದಾಗಿದೆ. ಕರೆದದ್ದು ಬರಿಗೈಲಿ ಹೋಗುತ್ತಾ?"

"ಹಾಗಿದ್ರೆ ನೀನೇ ಹೊರಡು ಅಜ್ಜಿ. ಹೆಂಗಸೂ ಹೌದು, ವಯಸ್ಸೂ ಆಗಿದೆ."

"ನಂಗೆ ತೊಂಬತ್ತು ದಾಟಿದೆ ಕಣೋ. ನನ್ನನ್ನ ಕರೆಯೋದಕ್ಕೆ ಗಂಟೆ ಯಾಕೆ? ಬಾಗಿಲು ತೆಗೆದಿಟ್ಟರೆ ಸಾಕು, ನಾನೇ ಹೋಗ್ತೀನಿ."

ಮತ್ತೆ ನಗು. ನನ್ನ ಹೆಂಡತಿ ಬೆರಿತ್ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಮೇಲೆ ಸ್ವಲ್ಪ ಕೆಮ್ಮಿ ನೀರು ಕುಡಿದಳು. ನಾನು ಅದನ್ನು ನೋಡಿದೆ. ನೋಡಿ ಮರೆತೆ.

ಊರಿನವರು ಮೈವೋರಳನ್ನು ಬೆನ್ನ ಹಿಂದೆ ಅಪಶಕುನದ ಕಾಗೆ ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವಳಿಗೆ ಹೆಸರು ತಂದ ಮೊದಲ ಕೃತಿ 'ಬೆಳಗಿನ ಶಿಳ್ಳೆ'. ನಮ್ಮ ಸಾಮಿಲ್ಲಿನ ಹಬೆಯ ಶಿಳ್ಳೆಯನ್ನು ಅವಳು ಹನ್ನೆರಡು ಕೊಂಬುಗಳಿಗೆ ಹಂಚಿ ಬರೆದಿದ್ದಳು. ಸ್ಟಾಕ್‌ಹೋಮಿನಲ್ಲಿ ಅದನ್ನು ಕೇಳಿ ನಾನು ಕುಳಿತಲ್ಲೇ ಅತ್ತಿದ್ದೆ. ಅಪ್ಪ ಬೆಳಿಗ್ಗೆ ಎದ್ದು ಬೂಟಿಗೆ ಕಾಲು ತೂರಿಸುವ ಸದ್ದು ಕೂಡ ಅದರಲ್ಲಿದೆ ಅನ್ನಿಸಿತ್ತು. ಮುಂದಿನ ವರ್ಷ ಸಾಮಿಲ್ಲು ಮುಚ್ಚಿತು. ಆಮೇಲೆ 'ಬಲೆ ಎತ್ತುವಾಗ', ಹೆಂಗಸರ ದನಿಗಳಿಗೂ ಎರಡು ಚೆಲ್ಲೋ ವಾದ್ಯಗಳಿಗೂ. ಅದಾದ ಕೆಲವು ಬೇಸಿಗೆಗೆ ನಮ್ಮ ಕೊಲ್ಲಿಯಲ್ಲಿ ಹೆರಿಂಗ್ ಮೀನು ಬಲೆಗೆ ಬೀಳುವುದೇ ನಿಂತಿತು. ಆಮೇಲೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಹಸುಗಳನ್ನು ಕೂಗಿ ಕರೆಯುತ್ತಿದ್ದ ಒಬ್ಬ ಮುದುಕಿ. ಅವಳ ಕೂಗನ್ನು ಮೈವೋರ್ ದೊಡ್ಡ ಮೇಳದ ನಡುವೆ ಒಂಟಿಯಾಗಿ ನಿಲ್ಲಿಸಿದಳು. ಬೇಕೆಂದೇ ಆ ಮುದುಕಿಯನ್ನೇ ವೇದಿಕೆಗೆ ಕರೆಸಿದ್ದಳು. ಹಿಮ ಕರಗುವ ಮೊದಲೇ ಅವಳೂ ಇರಲಿಲ್ಲ.

ಇವಕ್ಕೆಲ್ಲ ನನ್ನ ಬಳಿ ಸಮಾಧಾನವಿತ್ತು. ಸಾಮಿಲ್ಲು ಮುಚ್ಚಿದ್ದು ಮರದ ಬೆಲೆ ಕುಸಿದು. ಮೀನು ಹೋದದ್ದು ಹೊರಗಿನ ದೊಡ್ಡ ದೋಣಿಗಳಿಂದ. ಮುದುಕಿ ಹೋದದ್ದು ಮುಪ್ಪಿನಿಂದ. ಶಕುನ ನೋಡುವವನು ದೇವರ ಬೆನ್ನ ಹಿಂದೆ ನಿಂತು ಇಣುಕುವವನು ಎನ್ನುತ್ತಿದ್ದರು ನಮ್ಮಪ್ಪ. ಅವರು ಚಳಿಗಾಲದ ಸಂಜೆಗಳಲ್ಲಿ ದೇವರ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು, ನಾವು ಮಕ್ಕಳು ಕಣ್ಣು ಮುಚ್ಚಿ ಕೇಳಬೇಕು. ಪದ್ಯ ಕೇಳುವಾಗ ಅರ್ಥಕ್ಕಿಂತ ಮೊದಲು ಉಸಿರು ಕೇಳಬೇಕು, ಹೇಳುವವನು ಎಲ್ಲಿ ನಂಬುತ್ತಾನೆ, ಎಲ್ಲಿ ಬರೀ ಒಪ್ಪಿಸುತ್ತಾನೆ ಎಂಬುದು ಅಲ್ಲಿ ತಿಳಿಯುತ್ತದೆ ಎನ್ನುವರು. ಹಾಗೆ ಬೆಳೆದವನು ನಾನು. ಕೇಳುವುದೊಂದು ನನಗೆ ಬರುತ್ತದೆ ಎಂದುಕೊಂಡಿದ್ದೆ.

ಆದರೆ ಒಂದು ಕೃತಿಗೆ ಮಾತ್ರ ನನ್ನಲ್ಲಿ ಸಮಾಧಾನವಿರಲಿಲ್ಲ. ಮೈವೋರಳ ಗಂಡ ಸ್ಟೂರೆ ಕ್ಲಾರಿನೆಟ್ ನುಡಿಸುತ್ತಿದ್ದ. ನಲವತ್ತೆಂಟರ ಗಟ್ಟಿ ಆಳು, ಹಿಮದ ಮೇಲೆ ದಿನವಿಡೀ ಜಾರುವವನು. ಅವನಿಗಾಗಿಯೇ ಅವಳು 'ಉಸಿರು' ಎಂಬ ಕೃತಿ ಬರೆದಳು. ಅದನ್ನು ನುಡಿಸಿದಾಗ ಅವನಿಗೆ ಒಂದು ನೆಗಡಿಯೂ ಇರಲಿಲ್ಲ. ಮುಂದಿನ ಈಸ್ಟರ್‌ಗೆ ಅವನನ್ನು ಮಣ್ಣುಮಾಡಿದರು. ಶ್ವಾಸಕೋಶ.

ಕಾಫಿಯಾದ ಮೇಲೆ ಮೈವೋರ್ ಹಿಂದಿನ ಸಾಲಿನಿಂದ ಎದ್ದು ಬಂದಳು. ಹೊಸ ಕೃತಿಯ ಹೆಸರು 'ತೀರ ಬಿಡುವಾಗ' ಎಂದಳು. ಅದರಲ್ಲಿ ಒಂದು ಒಂಟಿ ದನಿ ಬೇಕು, ಪೇಟೆಯಿಂದ ಹಾಡುಗಾರರನ್ನು ಕರೆಸುವುದಿಲ್ಲ, ನಿಮ್ಮಲ್ಲೇ ಆರಿಸುತ್ತೇನೆ, ಎಲ್ಲರೂ ಒಂದು ಸಾಲು ಓದಿ, ಹಾಡಬೇಡಿ, ಓದಿ ಅಷ್ಟೆ ಎಂದಳು. ಸಾಲು ಅವಳೇ ಬರೆದದ್ದು:

*ತೀರವೇ, ನನ್ನ ಕೈ ಬಿಡು, ನಾನು ಬರಿಯ ತೆರೆ.*

ಒಬ್ಬೊಬ್ಬರೇ ಓದಿದರು. ನಮ್ಮಲ್ಲಿ ಚೆಂದದ ದನಿಯ ಹುಡುಗಿಯರಿದ್ದಾರೆ, ಅವರೂ ಓದಿದರು. ಮೈವೋರ್ ತಲೆ ತಗ್ಗಿಸಿಕೊಂಡೇ ಇದ್ದಳು. ಬೆರಿತ್ ಯಾವಾಗಲೂ ಕೊನೆಯಲ್ಲಿ, ಗೋಡೆಯ ಬಿಸಿಕೊಳವೆಗೆ ಬೆನ್ನು ತಾಗಿಸಿ ಕೂರುವವಳು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಅವಳದು ತಗ್ಗಿನ ದನಿ, ಬೇರೆಯವರ ರಾಗಕ್ಕೆ ಅಡಿಯಲ್ಲಿ ಆಸರೆ ಕೊಡುವ ದನಿ; ಅದು ಇಲ್ಲದಾಗ ಮಾತ್ರ ಗೊತ್ತಾಗುತ್ತದೆ. ಅವಳು ಓದಿದಳು.

ಮೈವೋರ್ ತಲೆಯೆತ್ತಿದಳು.

"ಇನ್ನೊಂದ್ಸಲ."

ಬೆರಿತ್ ಕೆಂಪಗಾಗಿ ಇನ್ನೊಮ್ಮೆ ಓದಿದಳು.

"ಇವಳೇ," ಎಂದಳು ಮೈವೋರ್.

"ಅಯ್ಯೋ, ನಾನಾ? ಹುಚ್ಚಾ ನಿಂಗೆ?" ಎಂದಳು ಬೆರಿತ್. ಆದರೆ ಮನೆಗೆ ನಡೆದು ಬರುವ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡು, "ಎಸ್ಕಿಲ್, ನನ್ನನ್ನೇ ಅಂದಳಲ್ಲ? ಕೇಳಿದೆಯಾ? ನನ್ನನ್ನೇ," ಎಂದು ಮತ್ತೆ ಮತ್ತೆ ಕೇಳಿದಳು. ಮದುವೆಯ ದಿನವೂ ಅವಳ ಮುಖ ಹಾಗೆ ಬೆಳಗಿದ್ದು ನನಗೆ ನೆನಪಿಲ್ಲ.

ನಾನು ಸ್ಟೂರೆಯ ವಿಷಯ ಬಾಯಿಗೆ ತರಲಿಲ್ಲ. ಸುಮ್ಮನೆ ಶಕುನ ನೋಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

*

ಅಕ್ಟೋಬರ್ ಪೂರ್ತಿ ಮೈವೋರ್ ನಮ್ಮ ಮನೆಗೆ ಬಂದಳು. ಬೆರಿತ್ ಏಲಕ್ಕಿ ಬನ್ನಿಗೆ ಹಿಟ್ಟು ನಾದುವಾಗ ಇವಳು ಕಿಟಕಿಯ ಬಳಿ ಕೂತು, "ಮಾತಾಡ್ತಾ ಇರು," ಎನ್ನುವಳು. ಏನು ಮಾತು ಎಂಬುದು ಅವಳಿಗೆ ಬೇಕಿರಲಿಲ್ಲ. ಬೆರಿತ್ ಶಾಲೆಯ ಮಕ್ಕಳ ಕತೆ, ಅಕ್ಕಂದಿರ ಜಗಳ, ಲಿಂಗೊನ್ ಹಣ್ಣಿನ ರಸಕ್ಕೆ ಎಷ್ಟು ಸಕ್ಕರೆ ಎಂಬುದೆಲ್ಲ ಹೇಳುವಳು. ಮೈವೋರ್ ಪೆನ್ಸಿಲ್ ಕೂಡ ಹಿಡಿಯುತ್ತಿರಲಿಲ್ಲ. ಕೇಳುವಳು ಅಷ್ಟೆ. ಒಮ್ಮೆ, "ಮೇಲಿನ ಕೋಣೆಗೆ ಹತ್ತಿ ಅಲ್ಲಿಂದ ಆ ಸಾಲು ಹಾಡು," ಎಂದಳು.

"ಮೇಲಿಂದ ಯಾಕೆ?"

"ಹತ್ತಿದ ಮೇಲೆ ಹೇಗಿರುತ್ತೆ ನೋಡಬೇಕು."

ಬೆರಿತ್ ನಗುತ್ತ ಹತ್ತಿದಳು. ಮೇಲಿನಿಂದ ದನಿ ಬರಲು ಸ್ವಲ್ಪ ತಡವಾಯಿತು. ಆ ತಡದಲ್ಲಿ ನಾನು ಮೈವೋರಳ ಮುಖ ನೋಡಿದೆ. ನನ್ನ ತಾಯಿ ಹಾಲು ಕಾಯಿಸುವಾಗ ಪಾತ್ರೆ ನೋಡುತ್ತಿದ್ದ ಹಾಗೆ ನೋಡುತ್ತಿದ್ದಳು ಅವಳು ಚಾವಣಿಯನ್ನು.

ಆರ್ಗನ್ನಿಗೆ ಬರೆದ ಭಾಗ ನನ್ನ ಕೈಗೆ ಬಂದಾಗ ಅದರಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ನಿಲುಗಡೆಗಳಿದ್ದವು. ಅಲ್ಲಿ ಆರ್ಗನ್ ನಿಂತು ಕಾಯಬೇಕು. ಪದ್ಯದ ನಡೆಗೆ ಅವು ಹೊಂದುತ್ತಿರಲಿಲ್ಲ. 'ತೀರವೇ ನನ್ನ' ಎಂದು ಒಂದು ನಿಲುಗಡೆ, 'ಕೈ ಬಿಡು' ಎಂದು ಇನ್ನೊಂದು.

"ಇಲ್ಲಿ ಯಾಕೆ ಕಾಯ್ಬೇಕು?" ಎಂದು ಮೊದಲ ಅಭ್ಯಾಸದಲ್ಲಿ ಕೇಳಿದೆ.

"ಅವಳು ಉಸಿರು ತಗೊಳ್ತಾಳೆ."

"ಬೆರಿತ್ ಅಷ್ಟು ಬೇಗ ಉಸಿರು ತಗೊಳ್ಳಲ್ಲ. ನಾನು ಅವಳ ಜೊತೆ ಮೂವತ್ತು ವರ್ಷದಿಂದ ನುಡಿಸ್ತಿದ್ದೀನಿ."

"ತಗೊಳ್ತಾಳೆ. ಕೇಳು."

ಬೆರಿತ್ ಹಾಡಿದಳು. ಮೊದಲ ಪುಟದಲ್ಲಿ, ಸರಿಯಾಗಿ ಮೈವೋರ್ ಬರೆದ ಜಾಗದಲ್ಲಿ, ಒಂದು ಸಣ್ಣ ಉಸಿರು. ನೂಲು ಮುಳ್ಳಿಗೆ ಸಿಕ್ಕಿ ಬಿಡಿಸಿಕೊಂಡಷ್ಟು. ಒಂದೇ ಮಂಚದಲ್ಲಿ ಮಲಗುವ ನನಗೆ ಅದು ಅದುವರೆಗೆ ಕೇಳಿಸಿರಲಿಲ್ಲ.

ಆದರೆ ಕೊನೆಯ ಪುಟ ಬೇರೆಯಾಗಿತ್ತು. ಅಲ್ಲಿ ನಿಲುಗಡೆಗಳು ಹತ್ತಿರ ಹತ್ತಿರ ಬಂದಿದ್ದವು, ಕಡೆಕಡೆಗೆ ಪ್ರತಿ ಪದಕ್ಕೂ ಒಂದು. ಬೆರಿತ್‌ಗೆ ಅಷ್ಟೆಲ್ಲ ಬೇಕಾಗಲಿಲ್ಲ; ಅವಳ ದನಿ ನಿಲುಗಡೆಯನ್ನು ದಾಟಿ ಮುಂದೆ ಹೋಗಿ, ನನಗಾಗಿ ಕಾಯುವಂತಾಯಿತು.

"ಇಲ್ಲಿ ನೀನು ತಪ್ಪು ಬರೆದಿದ್ದೀಯ," ಎಂದೆ. ನನಗೆ ಸಂತೋಷವೇ ಆಗಿತ್ತು.

"ಇರಲಿ," ಎಂದಳು ಮೈವೋರ್. "ಹಾಗೇ ಬಿಡು. ಹಬ್ಬದ ಹೊತ್ತಿಗೆ ಸರಿಹೋಗುತ್ತೆ."

ಆ ಮಾತನ್ನು ನಾನು ಅಭ್ಯಾಸದ ಮಾತು ಎಂದುಕೊಂಡೆ. ಹಾಡಿ ಹಾಡಿ ಸರಿಹೋಗುತ್ತದೆ ಎಂದು. ಆಮೇಲೆ ದಿನ ಕಳೆದ ಹಾಗೆ ನಾನು ಕಿವಿಯಾಗಿಬಿಟ್ಟೆ. ಬೆರಿತ್ ಬಟ್ಟೆ ಒಣಹಾಕುವಾಗ ಕೇಳಿದೆ. ಪ್ರಾರ್ಥನೆ ಹೇಳುವಾಗ ಕೇಳಿದೆ. 'ಆಮೆನ್'ಗೆ ಮುಂಚೆ ಅವಳೊಮ್ಮೆ ನಿಲ್ಲತೊಡಗಿದ್ದಳು. ಟೂರೆಯ ತಮಾಷೆಗೆ ಅವಳು ಮೊದಲಿನಂತೆ ಜೋರಾಗಿ ನಗದೆ ಕೈಯಿಂದ ಬಾಯಿ ಮುಚ್ಚಿ ನಗುವುದನ್ನು ಕಂಡೆ. ಹೊರಗೆ ಕತ್ತಲು ದಿನದಿನಕ್ಕೆ ಬೇಗ ಇಳಿಯುತ್ತಿತ್ತು. ಕೊಲ್ಲಿಯ ಅಂಚಿನಲ್ಲಿ ಮೊದಲ ಮಂಜುಗಡ್ಡೆಯ ಪೊರೆ ಕಟ್ಟಿ, ಅಲೆ ಬಂದಾಗ ಸಣ್ಣಗೆ ಕಿರುಗುಟ್ಟುತ್ತಿತ್ತು.

ಹಬ್ಬ ಶನಿವಾರ. ಅದಕ್ಕೆ ಮೊದಲಿನ ಮಂಗಳವಾರದ ಅಭ್ಯಾಸದಲ್ಲಿ ನಾವು ಕೊನೆಯ ಪುಟಕ್ಕೆ ಬಂದೆವು. ನಾನು ನಿಲುಗಡೆಯಲ್ಲಿ ನಿಂತೆ. ಬೆರಿತ್ ನಿಂತಳು. ನುಡಿಸಿದೆ, ಹಾಡಿದಳು. ಮತ್ತೆ ನಿಲುಗಡೆ, ಮತ್ತೆ ಅವಳ ಉಸಿರು. ಪ್ರತಿ ಪದಕ್ಕೂ. ಎಲ್ಲಿಯೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

ಹಾಡು ಮುಗಿದಾಗ ಯಾರೂ ಕದಲಲಿಲ್ಲ. ಟೂರೆ ಟೋಪಿಯಿಂದ ಕಣ್ಣೊರೆಸಿಕೊಂಡು, "ಏನು ಹಾಡಿದೆಯೇ ತಾಯಿ," ಎಂದ. ಬೆರಿತ್ ಬೆಂಚಿನ ಬೆನ್ನು ಹಿಡಿದುಕೊಂಡು ಮುಗುಳ್ನಕ್ಕಳು. ಮೈವೋರ್ ನನ್ನ ಕಡೆ ನೋಡಿ ತಲೆಯಾಡಿಸಿದಳು. ನೋಡಿದೆಯಾ, ಸರಿಹೋಯಿತು ಎಂಬ ಹಾಗೆ.

ನಾನು ಆರ್ಗನ್ನಿನ ಮುಚ್ಚಳ ಹಾಕಿಬಿಟ್ಟೆ.

*

ಬುಧವಾರ ಬೆಳಿಗ್ಗೆ ನಾನು ಅವಳು ಬಾಡಿಗೆಗಿದ್ದ ಮನೆಗೆ ಹೋದೆ. ಮೊದಲು ಹಡಗುಗಳಿಗೆ ದಾರಿ ತೋರುವವರು ಇದ್ದ ಮನೆ ಅದು, ಬಂಡೆಯ ಮೇಲೆ, ಮೂರು ಕಡೆ ಸಮುದ್ರ. ಅವಳು ಬಾಗಿಲು ತೆಗೆದು, ನನ್ನ ಮುಖ ನೋಡಿ, ಕಾಫಿ ಬೇಕಾ ಎಂದು ಕೇಳಲಿಲ್ಲ. ನಮ್ಮಲ್ಲಿ ಹಾಗೆ ಕೇಳದಿರುವುದು ಎಂದರೆ ವಿಷಯ ಗೊತ್ತಿದೆ ಎಂದೇ ಅರ್ಥ.

"ನಿನಗೆ ಏನು ಕೇಳಿಸ್ತು, ಹೇಳು," ಎಂದೆ. "ಆ ಮೊದಲ ದಿನ."

"ಕೂತ್ಕೋ ಎಸ್ಕಿಲ್."

"ಕೂರಲ್ಲ. ಏನು ಕೇಳಿಸ್ತು?"

ಅವಳು ಕಿಟಕಿಯ ಕಡೆ ತಿರುಗಿದಳು. "ನಾನು ಮಾಟಗಾತಿ ಅಲ್ಲ. ಕಾಗೆನೂ ಅಲ್ಲ. ನಿಮ್ಮ ಟೂರೆ ಏನು ಕರೀತಾನೆ ಅಂತ ನಂಗೆ ಗೊತ್ತು. ಸದ್ದು ಸವೆಯೋದು ನಂಗೆ ಕೇಳುತ್ತೆ, ಅಷ್ಟೆ. ಸಾಮಿಲ್ಲಿನ ಶಿಳ್ಳೆ ಆ ಕೊನೇ ವರ್ಷ ಬೆಳಿಗ್ಗೆ ಸ್ವಲ್ಪ ತಗ್ಗಿತ್ತು. ಅವರು ಒಲೆಗೆ ಸೌದೆ ಕಡಿಮೆ ಹಾಕ್ತಿದ್ರು. ನಮ್ಮಪ್ಪನಿಗೇ ಅದು ಕೇಳಿಸಲಿಲ್ಲ. ಬೆರಿತ್ ಆ ಸಾಲು ಓದಿದಾಗ 'ಬಿಡು' ಅನ್ನೋದರ ಹಿಂದೆ ಉಸಿರು ಇರಲಿಲ್ಲ. ಸ್ಟೂರೆಗೂ ಹಾಗೇ ಶುರುವಾಗಿತ್ತು."

"ಗೊತ್ತಿದ್ದೂ ಸುಮ್ಮನಿದ್ದೆ?"

ಅವಳು ಕಿಟಕಿಯ ಗಾಜಿನ ಮೇಲಿನ ತೇವ ಒರೆಸಿದಳು.

"ಮೈವೋರ್, ಐದು ವಾರ! ಐದು ವಾರ ನಮ್ಮ ಅಡುಗೆಮನೇಲಿ ಕೂತು ಅವಳ ಬನ್ ತಿಂದೆ. ಒಂದು ಮಾತು, ಡಾಕ್ಟರ ಹತ್ರ ಹೋಗು ಅಂತ ಒಂದೇ ಒಂದು ಮಾತು ಹೇಳೋದಕ್ಕೆ ನಿನ್ನ ನಾಲಿಗೆಗೆ ಏನಾಗಿತ್ತು?"

"ಸ್ಟೂರೆಗೆ ಹೇಳಿದ್ದೆ," ಎಂದಳು ಮೆಲ್ಲಗೆ. "ಅವನು ನಕ್ಕ. ಆದರೆ ಆಮೇಲೆ ಅವನು ನುಡಿಸೋದು ಬದಲಾಯ್ತು. ತನ್ನ ಉಸಿರನ್ನ ತಾನೇ ಕೇಳಿಸಿಕೊಳ್ಳೋಕೆ ಶುರುಮಾಡಿದ. ಒಂದು ಸ್ವರ ಕೂಡ ಮೊದಲಿನ ಹಾಗೆ ಬರಲಿಲ್ಲ. ಅವನೂ ಹೋದ, ಅವನ ಆ ದನಿ ಅವನಿಗಿಂತ ಮೊದಲೇ ಹೋಯ್ತು. ಅದಕ್ಕೇ ಈಗ ಹೇಳಲ್ಲ. ಹೇಳಿದ್ರೆ ಹಾಡೋದು ಕೆಡುತ್ತೆ."

ಅವಳು ಇದನ್ನು ಕ್ರೂರವಾಗಿ ಹೇಳಲಿಲ್ಲ. ಮಳೆ ಬರುವಾಗ ಬಟ್ಟೆ ಒಳಗೆ ತಾ ಎನ್ನುವಷ್ಟು ಸಹಜವಾಗಿ ಹೇಳಿದಳು. ನನಗೆ ಭಯವಾದದ್ದು ಅದಕ್ಕೆ. ಅವಳ ಮಾತಿನಲ್ಲಿ ನಾನು ಉಸಿರು ಹುಡುಕಿದೆ, ಅಪ್ಪ ಕಲಿಸಿದ ಹಾಗೆ. ಎಲ್ಲಿಯೂ ಅವಳು ಬರೀ ಒಪ್ಪಿಸುತ್ತಿರಲಿಲ್ಲ. ಪ್ರತಿ ಪದವನ್ನೂ ನಂಬಿದ್ದಳು.

"ಆ ಹಾಡನ್ನ ಬೇರೆಯವರಿಗೆ ಕೊಡು," ಎಂದೆ.

"ಬೇರೆಯವರ ಉಸಿರಿಗೆ ಅದು ಸರಿಬರಲ್ಲ. ಹರಿದು ಹಾಕು ಅಂದ್ರೆ ಹಾಕ್ತೀನಿ. ಆದರೆ ಅವಳನ್ನ ಕೇಳಿ ಬಾ. ಹಾಡು ಈಗ ನಂದಲ್ಲ."

ನಾನು ಹೊರಗೆ ಬಂದು ಬಂಡೆಯ ಮೇಲೆಯೇ ನಿಂತು ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದೆ. ಸಾಲಿನಲ್ಲಿ ಕಾಯಿಸಿದರು. ಕೊನೆಗೆ ಫೋನೆತ್ತಿದ ದಾದಿಗೆ ಎಲ್ಲ ಹೇಳಿದೆ: ಉಸಿರು, ಕೆಮ್ಮು, ನಿಲ್ಲುವುದು. ಎಷ್ಟು ದಿನದಿಂದ ಎಂದಳು. ನನಗೆ ಗೊತ್ತಿಲ್ಲ ಎಂದೆ. ಹಾಗಾದರೆ ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ, ತಡಮಾಡಬೇಡಿ ಎಂದಳು.

*

ಮನೆಗೆ ಬಂದಾಗ ಬೆರಿತ್ ಹಬ್ಬದ ದಿನಕ್ಕೆ ತನ್ನ ಕಪ್ಪು ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ಸ್ಟೂಲಿನ ಮೇಲೆ ಕೂತು ಹಾಕುತ್ತಿದ್ದಳು. ಕೂತು ಇಸ್ತ್ರಿ ಹಾಕಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಎಲ್ಲಿಗೆ ಹೋಗಿದ್ದೆ, ಟೋಪಿನೂ ಇಲ್ಲದೆ?"

"ಮೈವೋರ್ ಹತ್ರ."

ಇಸ್ತ್ರಿ ಪೆಟ್ಟಿಗೆ ಒಂದು ಗಳಿಗೆ ನಿಂತು ಮತ್ತೆ ಚಲಿಸಿತು. "ಜಗಳ ಆಡಿದೆಯಾ?"

"ಬೆರಿತ್, ನಾಳೆ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಫೋನು ಮಾಡಿ ಹೇಳಿದ್ದೀನಿ. ನಿನ್ನ ಉಸಿರು ಸರಿ ಇಲ್ಲ."

ಅವಳು ನಾನು ಎಣಿಸಿದ ಹಾಗೆ ಗಾಬರಿಯಾಗಲಿಲ್ಲ. ಉಡುಪಿನ ತೋಳನ್ನು ಬಿಡಿಸಿ ಹರಡಿ, ಅದರ ಮೇಲೆ ಕೈಯಾಡಿಸಿದಳು.

"ಅಂತೂ ನಿಂಗೂ ಕೇಳಿಸ್ತು," ಎಂದಳು.

"ನಿನಗೆ ಗೊತ್ತಿತ್ತಾ?"

"ಆಗಸ್ಟಿನಲ್ಲಿ ಜೌಗಿಗೆ ಹಣ್ಣು ಆಯೋಕೆ ಹೋಗಿದ್ನಲ್ಲ, ಅಕ್ಕನ ಜೊತೆ? ಬುಟ್ಟಿ ಅರ್ಧ ತುಂಬೋದ್ರಲ್ಲಿ ಒಂದು ಮರದ ಬೊಡ್ಡೆ ಮೇಲೆ ಕೂತ್ಕೊಂಡೆ. ಏಳೋಕೆ ಆಗಲಿಲ್ಲ. ಅಕ್ಕನಿಗೆ ಶೂ ಲೇಸು ಕಟ್ತಿದ್ದೀನಿ ಅಂದೆ. ಎಷ್ಟು ಹೊತ್ತು ಕಟ್ತೀಯೇ ಅಂತ ಬೈದಳು." ಅವಳಿಗೆ ನಗು ಬಂತು, ಬಂದದ್ದನ್ನು ಬಾಯಲ್ಲೇ ತಡೆದಳು. "ನಿಮ್ಮಮ್ಮನಿಗೂ ಹಾಗೇ ಶುರುವಾದದ್ದು, ನೆನಪಿದೆಯಾ? ಪರೀಕ್ಷೆ ಮಾಡ್ತೀವಿ, ಒಂದೇ ದಿನ ಅಂತ ಆಸ್ಪತ್ರೇಲಿ ಮಲಗಿಸಿದ್ರು. ವಾಪಸ್ಸು ಬರಲೇ ಇಲ್ಲ."

"ಅದು ಆಗಿನ ಕಾಲ. ಈಗ ಔಷಧಿ ಇದೆ. ಬೇಗ ಹೋದ್ರೆ..."

"ಬೇಗ ಅನ್ನೋದು ಆಗಸ್ಟಿಗೇ ಮುಗೀತು ಎಸ್ಕಿಲ್."

"ನಿನಗೇನು ಗೊತ್ತು? ನೀನೇನು ಡಾಕ್ಟರಾ?" ನನ್ನ ದನಿ ಎತ್ತರಕ್ಕೆ ಹೋಗಿತ್ತು. ನಾನು ಮನೆಯಲ್ಲಿ ಹಾಗೆ ಕೂಗುವವನಲ್ಲ. "ನಾಳೆ ಗುರುವಾರ. ನೋಡ್ತಾರೆ, ಹೇಳ್ತಾರೆ. ಒಂದು ದಿನ ಮೊದಲು ಹೋದ್ರೂ ಒಂದು ದಿನ ಲಾಭ."

"ನಾಳೆ ಹೋದ್ರೆ ಎದೆಯ ಚಿತ್ರ ತೆಗೀತಾರೆ. ಚಿತ್ರ ನೋಡಿದ ಮೇಲೆ ಅವರು ನನ್ನನ್ನ ಮನೆಗೆ ಬಿಡ್ತಾರಾ? ಶನಿವಾರ ಚರ್ಚಲ್ಲಿ ನಿಂತು ಹಾಡಮ್ಮ ಅಂತಾರಾ?"

ಅವಳಿಗೆ ಉತ್ತರ ಗೊತ್ತಿತ್ತು.

"ನಲವತ್ತು ವರ್ಷ ಬೇರೆಯವರ ಹಾಡಿನ ಕೆಳಗೆ ನಿಂತು ಹಾಡಿದೆ," ಎಂದಳು. ನಡುವೆ ಒಮ್ಮೆ ನಿಂತಳು. ಆ ನಿಲುಗಡೆ ಎಲ್ಲಿ ಬರುತ್ತದೆಂದು ನನಗೆ ಈಗ ಮೊದಲೇ ತಿಳಿಯುತ್ತಿತ್ತು. "ನಂಗೆ ಅದರಲ್ಲಿ ಬೇಜಾರಿರಲಿಲ್ಲ. ನಿನಗೆ ಗೊತ್ತಲ್ಲ. ಆದರೆ ಆ ಹೆಂಗಸು ಕೂತು ಕಿವಿಯಿಟ್ಟು ನನ್ನನ್ನ ಕೇಳಿದಳು ಕಣೋ. ನನ್ನನ್ನ. ಹಿಟ್ಟು ನಾದೋವಾಗ, ಸಕ್ಕರೆ ಅಳೆಯೋವಾಗ. ಯಾರು ನನ್ನನ್ನ ಹಾಗೆ ಕೇಳಿದ್ದಾರೆ?"

ಆ ಮಾತು ನನ್ನ ಮೇಲೆ ಎಸೆದದ್ದಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ಆದರೂ ಅದು ನನ್ನ ಮೇಲೆಯೇ ಬಿತ್ತು.

ನಾನು ಇಸ್ತ್ರಿಯ ತಂತಿಯನ್ನು ಗೋಡೆಯಿಂದ ಕಿತ್ತೆ. ಯಾಕೆ ಕಿತ್ತೆನೋ. ಅವಳ ಮುಂದೆ ನೆಲದ ಮೇಲೆ ಮೊಣಕಾಲೂರಿದೆ, ಚರ್ಚಿನಲ್ಲಿ ಊರುವ ಹಾಗೆ. ಅವಳ ಎರಡೂ ಕೈ ಹಿಡಿದುಕೊಂಡೆ. ಇಸ್ತ್ರಿಯ ಬಿಸಿಗೆ ಅಂಗೈ ಬೆಚ್ಚಗಿತ್ತು, ಬೆರಳ ತುದಿ ಮಾತ್ರ ನೀಲಿ.

"ಮೈವೋರ್ ಹಾಡು ಹರಿದು ಹಾಕ್ತೀನಿ ಅಂದಿದ್ದಾಳೆ. ಅದೂ ಬೇಡ. ಮುಂದಿನ ವರ್ಷ ಹಾಡುವೆಯಂತೆ, ಈಸ್ಟರ್‌ಗೆ ಹಾಡುವೆಯಂತೆ, ನಾನೇ ನುಡಿಸ್ತೀನಿ. ಬೆರಿತ್, ನಾನು ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲ. ಕೇಳಿದ್ದೀನಾ? ಒಂದೇ ಒಂದು. ನಾಳೆ ಬೆಳಿಗ್ಗೆ ನನ್ನ ಜೊತೆ ಕಾರು ಹತ್ತು. ದಮ್ಮಯ್ಯ ಅಂತೀನಿ. ಬಾ."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಒಂದು ಉಸಿರು ತೆಗೆದುಕೊಂಡಳು. ಅದು ಮುಗಿಯುವವರೆಗೆ ನಾನು ಕಾದೆ.

"ಇಲ್ಲ," ಎಂದಳು ಬೆರಿತ್. "ಬರಲ್ಲ."